ಮಾವ ಹೊಲಿದ ಕಾರುಗಳು

ಆ ಕಾಲಕ್ಕೆ ಸಕಲೇಶಪುರದಲ್ಲಿ ಅತಿ ಹೆಚ್ಚು ಕಾರುಗಳಿದ್ದದ್ದು ಯಾರ ಬಳಿ? ನೀವು ಯಾವುದಾದರೂ ಎಸ್ಟೇಟ್ ಸಾಹುಕಾರರ ಹೆಸರು ಹೇಳುತ್ತೀರಿ. ತಪ್ಪು! ನಮ್ಮ ಸೋದರಮಾವನ ಬಳಿ. ಮೂವತ್ತಾರು ಕಾರು, ಐದು ಜೀಪು, ಎರಡು ಲಾರಿ. ಅಷ್ಟನ್ನೂ ತನ್ನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಲಗೆಗಳ ಮೇಲೆ ಸಾಲಾಗಿ ನಿಲ್ಲಿಸಿಕೊಂಡಿದ್ದ. ಇಷ್ಟು ದೊಡ್ಡ ಶ್ರೀಮಂತನಿಗೆ ಕಾರು ಓಡಿಸಲು ಬರುತ್ತಿತ್ತೇ ಎಂದು ಮಾತ್ರ ಕೇಳಬೇಡಿ. ಸೈಕಲ್ಲನ್ನೂ ತಳ್ಳಿಕೊಂಡೇ ಹೋಗುತ್ತಿದ್ದ ಆಸಾಮಿ ಅವನು!

ಪಾಳ್ಯದ ಕಡೆಯ ರಾಗಿ ಹೊಲವನ್ನು ಅಣ್ಣಂದಿರಿಗೆ ಬಿಟ್ಟು, ಕೊರಳಲ್ಲಿದ್ದ ಲಿಂಗದ ಜೊತೆಗೆ ಒಂದು ಇಂಚು ಟೇಪನ್ನೂ ನೇತುಹಾಕಿಕೊಂಡು ಪೇಟೆಗೆ ಬಂದು ದರ್ಜಿಯಾದವನು ಮಾವ. ನಾನು ತಾಲ್ಲೂಕು ಕಚೇರಿಯ ಗುಮಾಸ್ತ. ಊಟ, ನಿದ್ದೆ ಎಲ್ಲ ಅಂಗಡಿಗೆ ಅಂಟಿಕೊಂಡಿದ್ದ ಮಾವನ ಮನೆಯಲ್ಲೇ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ನಾನು ಕಣ್ಣಾರೆ ಕಂಡದ್ದು.

ಅಂಗಡಿಯ ಮುಂದೆ ಹೊಸ ಕಾರೊಂದು ನಿಂತರೆ ಸಾಕು, ಗಿರಾಕಿಯ ತೋಳಿನ ಅಳತೆಯನ್ನು ಅರ್ಧಕ್ಕೇ ಬಿಟ್ಟು ಟೇಪು ಹಿಡಿದು ಓಡುವುದೇ! ಬಾನೆಟ್ಟು, ಬಾಗಿಲು, ಚಕ್ರದ ಸುತ್ತಳತೆ, ಎಲ್ಲವೂ ಅಳತೆ ಪುಸ್ತಕಕ್ಕೆ ಏರುತ್ತಿದ್ದವು. ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ಮರಿಕಾರು ತಯಾರು. ಚೌಕಟ್ಟಿಗೆ ಸಿಲ್ವರ್ ಓಕ್ ಮರ, ಮೈಗೆ ಬಿಸ್ಕತ್ತು ಡಬ್ಬದ ತಗಡು, ಗಾಲಿಗೆ ಸೈಕಲ್ ಟ್ಯೂಬು, ದೀಪಗಳಿಗೆ ಅಂಗಿಯ ಗುಂಡಿ. ಊರಿನ ಗಂಡಸರ ಅಂಗಿಗಳಲ್ಲಿ ಒಂದೊಂದು ಗುಂಡಿ ಏಕೆ ಕಡಿಮೆಯಿತ್ತು ಎಂಬುದು ಈಗ ನಿಮಗೆ ತಿಳಿದಿರಬೇಕು!

ಒಮ್ಮೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರೊಬ್ಬರು ಕೆಂಡಾಮಂಡಲವಾಗಿ ಬಂದರು. "ಏನಯ್ಯ ಇದು ಪ್ಯಾಂಟು? ಇದ್ರೊಳಗೆ ನಾನೂ ನನ್ ಹೆಂಡ್ತಿ ಇಬ್ರೂ ಇಳೀಬೋದು!" ಮಾವ ಅಳತೆ ಪುಸ್ತಕ ತೆಗೆದು ನೋಡಿದರೆ, ಹೊಲಿದದ್ದು ಜೀಪಿನ ಬಾನೆಟ್ಟಿನ ಅಳತೆಗೆ. ಹಾಗಾದರೆ ರೈಟರ ಸೊಂಟ ಎಲ್ಲಿ ಹೋಯಿತು? ಅದು ಆಗಲೇ ಜೀಪಿನ ಮೂತಿಯಾಗಿ ಹಲಗೆಯ ಮೇಲೆ ಕೂತಿತ್ತು.

ಇಷ್ಟೆಲ್ಲ ಹುಚ್ಚು ಯಾಕೆ ಅನ್ನುತ್ತೀರಾ? ಅತ್ತೆಗಾಗಿ.

ಅತ್ತೆ ಮೊದಲೆಲ್ಲ ಅಂಗಡಿಯ ಕಿಟಕಿ ಪಕ್ಕ ಕೂತು ಅಂಗಿಗಳಿಗೆ ಗುಂಡಿ ಹಚ್ಚುತ್ತ, ರಸ್ತೆಯಲ್ಲಿ ಯಾರು ಹೋದರು, ಯಾರು ಬಂದರು ಎಂದು ವರದಿ ಒಪ್ಪಿಸುತ್ತಿದ್ದವಳು. ಮೂವತ್ತು ದಾಟುವಷ್ಟರಲ್ಲಿ ಕಣ್ಣು ಮಂಜಾಗತೊಡಗಿತು. ಕಣ್ಣಿನ ನರ ಒಣಗಿದೆ ಎಂದು ಮೈಸೂರಿನ ಡಾಕ್ಟರು ಕೈಚೆಲ್ಲಿದರು. ವರ್ಷದೊಳಗೆ ಪೂರ್ತಿ ಹೋಯಿತು. ಆಮೇಲೆ ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತವಳು ಹೊಸ್ತಿಲು ದಾಟಲಿಲ್ಲ. ಹೊರಗೆ ಎಂಥ ಗಲಾಟೆಯಾದರೂ ಯಾರು, ಏನು ಎಂದು ಕೇಳಲಿಲ್ಲ. ಮಾವನಿಗೆ ಸಂಕಟವಾದದ್ದು ಅದಕ್ಕೇ. "ಊಟ ಬಿಟ್ಟಿದ್ರೆ ತುತ್ತು ಮಾಡಿ ತಿನ್ನಿಸ್ತಿದ್ದೆ ಕಣೋ. ಕೇಳೋದ್ನೇ ಬಿಟ್ಟವ್ಳೆ. ಏನ್ ಮಾಡ್ಲಿ ಹೇಳು?" ಎಂದು ನನ್ನ ಮುಂದೆ ಕಣ್ಣೀರು ಹಾಕಿದ್ದ.

ಒಂದು ಮಧ್ಯಾಹ್ನ ಮಾವ ತನ್ನ ಮೊದಲ ಕಾರನ್ನು ತಂದು ಅವಳ ಮಡಿಲಲ್ಲಿಟ್ಟ. ಅತ್ತೆ ಸುಮ್ಮನೆ ಸವರುತ್ತ ಹೋದಳು. ಹಿಂಭಾಗಕ್ಕೆ ಬಂದಾಗ ಬೆರಳು ನಿಂತಿತು.

"ಇದೇನ್ರೀ, ಇಲ್ಲಿ ನೆಗ್ಗೈತೆ?"

"ನಮ್ಮೂರ ಡಾಕ್ಟ್ರ ಕಾರು ಕಣೇ. ರಿವರ್ಸ್ ತಗೊಳ್ಳೋಕೋಗಿ ಆಸ್ಪತ್ರೆ ಕಾಂಪೌಂಡಿಗೆ ಗುದ್ಬುಟ್ಟವ್ರೆ."

"ಅಯ್ಯೋ! ಸೂಜಿ ಚುಚ್ಚೋವಾಗ ಮಾತ್ರ ಅಷ್ಟು ಸರಿಯಾಗಿ ಗುರಿ ಇಡ್ತಾರಲ್ಲ ಆವಯ್ಯ!" ಎಂದು ಅತ್ತೆ ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕದ್ದು. ಮಾವ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ.

ಅಲ್ಲಿಂದ ಶುರುವಾಯಿತು ನೋಡಿ. ಊರಿನಲ್ಲಿ ಯಾವ ಕಾರಿಗೆ ನೆಗ್ಗು ಬಿದ್ದರೂ ಸಂಜೆಯೊಳಗೆ ಮರಿಕಾರಿನ ಮೇಲೆ ಅದೇ ಜಾಗಕ್ಕೆ ಕತ್ತರಿ ಹಿಡಿಯಿಂದ ಟಕ್ ಎಂದು ಒಂದೇಟು. ಅತ್ತೆ ಬೆರಳಾಡಿಸಿ ಊರಿನ ಸುದ್ದಿಯನ್ನೆಲ್ಲ ತಿಳಿದುಕೊಳ್ಳುತ್ತಿದ್ದಳು. ಒಬ್ಬ ಸಾಹುಕಾರರು ಹೇಳದೆ ಕೇಳದೆ ಹಾಸನಕ್ಕೆ ಹೋಗಿ ನೆಗ್ಗು ತೆಗೆಸಿಕೊಂಡು ಬಂದುಬಿಟ್ಟರು. ಮಾವ ನಡುರಸ್ತೆಯಲ್ಲೇ ಕಾರಿಗೆ ಅಡ್ಡ ನಿಂತ.

"ನಂಗೊಂದು ಮಾತು ಹೇಳ್ದೆ ಹೆಂಗೆ ತೆಗೆಸ್ಬುಟ್ರಿ ಸ್ವಾಮಿ?"

"ಕಾರು ನಂದು ಕಣಯ್ಯ!"

"ನಿಮ್ದೇ, ಇಲ್ಲ ಅಂದ್ನಾ? ನಮ್ಮನೇಲಿ ಆ ನೆಗ್ಗು ಇನ್ನೂ ಹಂಗೇ ಐತಲ್ಲ! ನಾನು ಅವಳಿಗೆ ಸುಳ್ಳು ಹೇಳ್ದಂಗಾಗಲ್ವಾ?"

ಸಾಹುಕಾರರು ತಬ್ಬಿಬ್ಬಾಗಿ ಕ್ಷಮೆ ಕೇಳಿದರು. ಮುಂದಿನ ಸಲ ರಿಪೇರಿಗೆ ಹೊರಡುವ ಮುನ್ನ ಅಂಗಡಿಗೆ ಆಳು ಕಳಿಸಿ ತಿಳಿಸಿದರು ಕೂಡ!

ಆದರೆ ಅತ್ತೆಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಮೀದನ ಟ್ಯಾಕ್ಸಿ. ಅವಳನ್ನು ಮೈಸೂರಿನ ಡಾಕ್ಟರ ಬಳಿಗೆ ಕರೆದೊಯ್ದವನು ಅವನೇ. ಬರುವಾಗ ಕಾರಿನಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಹಮೀದನೊಬ್ಬ ಮಾತ್ರ ದಾರಿಯುದ್ದಕ್ಕೂ, "ಅಕ್ಕಾ, ಈಗ ಆಲೂರು ಕಳೀತು, ಅಕ್ಕಾ, ಹೊಳೆ ಸೇತುವೆ ಬಂತು, ನೀರು ಕೆಂಪಗೈತೆ" ಎಂದು ಹೇಳುತ್ತಲೇ ಇದ್ದ. ಅಂದಿನಿಂದ ಅವನು ಅತ್ತೆಗೆ ತಮ್ಮ. ಅವನ ಟ್ಯಾಕ್ಸಿಯೋ, ನೆಗ್ಗಿಲ್ಲದೆ ಒಂದು ವಾರ ಕಳೆದದ್ದಿಲ್ಲ. ತಾನೇ ಬಂದು ವರದಿ ಒಪ್ಪಿಸುತ್ತಿದ್ದ.

"ಅಕ್ಕಾ, ಈ ಸಲ ಎಡಗಡೆ."

"ಯಾವುದಕ್ಕೋ ಗುದ್ದಿದೆ ಮಾರಾಯ?"

"ನಾನೆಲ್ಲಿ ಗುದ್ದಿದ್ನಕ್ಕ? ನಾನು ನನ್ ಪಾಡಿಗೆ ಹೋಗ್ತಿದ್ದೆ, ಲೈಟ್ ಕಂಬಾನೇ ಅಡ್ಡ ಬಂತು!"

ನೆಗ್ಗಿನ ಮೇಲೆ ನೆಗ್ಗು ಬಿದ್ದು ಮಾವ ಆ ಮರಿಟ್ಯಾಕ್ಸಿಯ ತಗಡನ್ನು ಎರಡು ಸಲ ಬದಲಿಸಬೇಕಾಯಿತು. ಎರಡನೆಯ ಸಲ ಬದಲಿಸಿದ ಮೂರನೆಯ ದಿನವೇ, ದೋಣಿಗಲ್ಲಿನ ಇಳಿಜಾರಿನಲ್ಲಿ, ಮುಂದಿನ ದಾರಿ ಕಾಣದಂಥ ಮಂಜಿನಲ್ಲಿ, ಹಮೀದನ ಟ್ಯಾಕ್ಸಿ ಕಂದಕಕ್ಕೆ ಉರುಳಿತು. ಒಳಗೆ ಅವನೊಬ್ಬನೇ ಇದ್ದ. ಬದುಕಲಿಲ್ಲ.

ಮಣ್ಣು ಮಾಡಿ ಬಂದ ಮಾವ ನನ್ನ ಕೈ ಹಿಡಿದುಕೊಂಡ. "ಅವಳಿಗೆ ಹೇಳ್ಬೇಡ ಕಣೋ. ಮತ್ತೆ ಗೋಡೆ ಕಡೆ ತಿರುಗ್ಬುಟ್ರೆ ನನ್ ಕೈಲಾಗಲ್ಲ." ಬೀದಿಯ ಪ್ರತಿಯೊಂದು ಅಂಗಡಿಗೂ ಹೋಗಿ ಅದನ್ನೇ ಬೇಡಿಕೊಂಡ. ಎಲ್ಲರೂ ಒಪ್ಪಿದರು. ಆದರೆ ಯಾವ ಸುಳ್ಳು ಹೇಳಬೇಕೆಂದು ಕೂತು ತೀರ್ಮಾನಿಸುವ ಬುದ್ಧಿ ಯಾರಿಗಿತ್ತು? ಎಂಜಿನ್ ಕೆಲಸಕ್ಕೆ ಮಂಗಳೂರಿಗೆ ಹೋಗವ್ನೆ ಎಂದ ಮಾವ. ಹೆಂಡ್ತಿ ತವರಿಗೆ ಹೋಗವ್ನೆ ಎಂದ ಹಾಲಿನವನು. ಬೀಡಾ ಅಂಗಡಿಯವನು ಇನ್ನೂ ಮುಂದೆ ಹೋಗಿ ಮೆಕ್ಕಾ ಯಾತ್ರೆಗೇ ಕಳಿಸಿಬಿಟ್ಟ! "ಟ್ಯಾಕ್ಸಿ ತಗೊಂಡೇ ಹೋದ್ನಾ?" ಎಂದು ಅತ್ತೆ ಕೇಳಿದಳು. ಕೇಳಿದವಳು ನಗಲಿಲ್ಲ. ನಾನು ಅದನ್ನು ಗಮನಿಸಬೇಕಿತ್ತು.

ಮೂರು ತಿಂಗಳು ಹೀಗೇ ಕಳೆಯಿತು. ಒಂದು ಭಾನುವಾರ ಊಟವಾದ ಮೇಲೆ ಅತ್ತೆ ಆ ಮರಿಟ್ಯಾಕ್ಸಿಯನ್ನು ಕೇಳಿ ಮಡಿಲಲ್ಲಿಟ್ಟುಕೊಂಡಳು. ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಸವರಿದಳು.

"ಮೂರು ತಿಂಗಳಾಯ್ತು, ಒಂದೇ ಒಂದು ನೆಗ್ಗು ಬಿದ್ದಿಲ್ಲ" ಎಂದಳು. "ಹಮೀದ ಬದುಕಿದ್ರೆ ಹಿಂಗಿರ್ತಿತ್ತೇನ್ರೀ ಇದು?"

ಮಾವ ತಲೆ ತಗ್ಗಿಸಿದ.

"ನಂಗೆ ಅವತ್ತೇ ಅನುಮಾನ ಬಂತು. ನೀವು ಮಿಷನ್ ತುಳೀಲೇ ಇಲ್ಲ. ಹಿತ್ಲಿಗೆ ಹೋಗಿ ಅಳ್ತಿದ್ರಿ. ನೀವಾಗೇ ಹೇಳ್ತೀರಿ ಅಂತ ಇಷ್ಟು ದಿನ ಕಾದೆ. ಅವ್ನು ನಂಗೂ ತಮ್ಮ ಅಲ್ವೇನ್ರೀ? ನನ್ ಪಾಲಿನ ಅಳುವನ್ನೂ ನೀವೇ ಅತ್ಕೊಂಡ್ಬುಟ್ರಾ?"

ಎದ್ದು ಸೆರಗು ಸರಿಮಾಡಿಕೊಂಡಳು. "ನಡೀರಿ ಅವ್ನ ಮನೆಗೆ. ಅಕ್ಕ ಅನ್ನಿಸ್ಕೊಂಡೋಳು ಇತ್ತ ಕಡೆ ತಲೆ ಹಾಕ್ಲಿಲ್ಲ ಅಂತ ಆ ಹೆಣ್ಣು ಎಷ್ಟು ನೊಂದ್ಕೊಂಡವ್ಳೋ."

ಅಷ್ಟು ವರ್ಷಗಳ ಮೇಲೆ ಅತ್ತೆ ಹೊಸ್ತಿಲು ದಾಟಿದಳು. ಮಾವನ ಹೆಗಲ ಮೇಲೆ ಕೈಯಿಟ್ಟುಕೊಂಡು ಪೇಟೆಯ ಉದ್ದಕ್ಕೂ ನಡೆದಳು. ಅಂಗಡಿಯವರು ಎದ್ದು ನಿಂತು ನೋಡಿದರು. ಬೀಡಾ ಅಂಗಡಿಯವನು ಮುಖ ಆಚೆ ತಿರುಗಿಸಿಕೊಂಡ. ಅವರ ಪದ್ಧತಿಯಂತೆ ಗಂಡ ತೀರಿದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಬಿಟ್ಟು ಬರುವ ಹಾಗಿಲ್ಲ, ಹೊರಗಿನ ಗಂಡಸರು ಒಳಗೆ ಹೋಗುವ ಹಾಗೂ ಇಲ್ಲ. ಹಾಗಾಗಿ ಮಾವನೂ ಜೊತೆಗೆ ಹೋಗಿದ್ದ ನಾನೂ ಬಾಗಿಲಲ್ಲೇ ನಿಂತೆವು. ಹಮೀದನ ಹೆಂಡತಿ ಅತ್ತೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಮರುಕ್ಷಣವೇ ಇಬ್ಬರೂ ದೊಡ್ಡದಾಗಿ ಅಳುವುದು ಕೇಳಿಸಿತು. ನನಗೂ ತಡೆಯಲಾಗಲಿಲ್ಲ.

ಮಾವ ಜಗಲಿಯ ಮೇಲೆ ಕೂತ. ಒಳಗಿನ ಅಳುವನ್ನು ಬಹಳ ಹೊತ್ತು ಕೇಳಿಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ.

"ತಪ್ಪು ಮಾಡ್ಬುಟ್ಟೆ ಕಣೋ" ಎಂದ. "ಅವಳಿಗೆ ಹೋಗಿದ್ದು ಕಣ್ಣು ಮಾತ್ರ."