ಚಿಕ್ಕಮ್ಮನ ಕಾರು ಗ್ಯಾರೇಜಿಗೆ ಹೋದಾಗಲೆಲ್ಲ

ಜನ ಕೆಟ್ಟ ಕಾರನ್ನು ಗ್ಯಾರೇಜಿಗೆ ಒಯ್ದು ಸರಿ ಮಾಡಿಸಿಕೊಂಡು ಬರುತ್ತಾರೆ. ನಮ್ಮ ಚಿಕ್ಕಮ್ಮ ಸರಿಯಿರುವ ಕಾರನ್ನು ಗ್ಯಾರೇಜಿಗೆ ಒಯ್ದು ಕೆಡಿಸಿಕೊಂಡು ಬರುತ್ತಾಳೆ! ಇದು ನಾನು ತಮಾಷೆಗೆ ಹೇಳುವ ಮಾತು ಎಂದುಕೊಂಡರೆ ಹೊಸನಗರಕ್ಕೆ ಹೋಗಿ ಯಾರನ್ನು ಬೇಕಾದರೂ ಕೇಳಿ. ಅವಳ ಕಾರು ಮನೆಯಲ್ಲಿ ಕಾಣಿಸದಿದ್ದರೆ ಅಕ್ಕಪಕ್ಕದವರು "ಎಲ್ಲಿಗೆ ಹೋಗಿದಾರೆ" ಎಂದು ಕೇಳುವುದಿಲ್ಲ, "ಈ ಸಲ ಎಂತ ಹಾಳಾಗಿ ಬರ್ತದೋ" ಎನ್ನುತ್ತಾರೆ.

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಪುರುಸೊತ್ತು ಸಿಗಲಿಲ್ಲ ಎಂದು ಹೇಳಿ ಮಾತು ಮುಗಿಸುತ್ತಿದ್ದಳು. ನಲವತ್ತೆಂಟನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಬೂದು ಬಣ್ಣದ ಒಂದು ಸಣ್ಣ ಸೆಕೆಂಡ್ ಹ್ಯಾಂಡ್ ಕಾರು ಕೊಂಡಳು. ಓಡಿಸುವುದು ಗಂಟೆಗೆ ಮೂವತ್ತು ಕಿಲೋಮೀಟರ್. ಏರಿನಲ್ಲೂ ಮೂವತ್ತು, ಇಳಿಜಾರಿನಲ್ಲೂ ಮೂವತ್ತು, ಖಾಲಿ ಬಿದ್ದ ನೇರ ರಸ್ತೆಯಲ್ಲೂ ಮೂವತ್ತೇ. ಸೈಕಲ್ಲಿನವರು ಅವಳನ್ನು ಹಿಂದೆ ಹಾಕಿ ಹೋಗುವಾಗ ತಿರುಗಿ ಒಂದು ನಮಸ್ಕಾರ ಮಾಡಿಯೇ ಹೋಗುತ್ತಾರೆ. ಅರ್ಧ ಊರೇ ಅವಳ ಶಿಷ್ಯಬಳಗವಲ್ಲವೇ?

ಆ ಶಿಷ್ಯರಲ್ಲಿ ಒಬ್ಬ ನಾಗೇಶ. ತೀರ್ಥಹಳ್ಳಿಯಲ್ಲಿ ಅವನದೊಂದು ಗ್ಯಾರೇಜಿದೆ. ಒಳ್ಳೆಯ ಮನುಷ್ಯ, ದುಡಿಮೆಗಾರ, ಮೇಡಂ ಎಂದರೆ ಈಗಲೂ ಎದ್ದು ನಿಲ್ಲುತ್ತಾನೆ. ಅವನಿಗಿರುವ ಕೊರತೆ ಒಂದೇ, ಗಮನ. ಬಾನೆಟ್ಟಿನೊಳಗೆ ತಲೆ ಹಾಕಿ ಕೆಲಸ ಮಾಡುತ್ತಿರುವಾಗ ಫೋನು ಬರುತ್ತದೆ. ಮಾತಾಡಿ ಬಂದವನು ಬಿಟ್ಟಲ್ಲಿಂದ ಶುರು ಮಾಡುವುದಿಲ್ಲ, ಅದರ ಮುಂದಿನ ಬೋಲ್ಟಿನಿಂದ ಶುರು ಮಾಡುತ್ತಾನೆ. ಶಾಲೆಯಲ್ಲೂ ಹಾಗೇ ಇದ್ದನಂತೆ. ಲೆಕ್ಕದ ಮೂರನೇ ಹೆಜ್ಜೆಯಿಂದ ಐದನೆಯದಕ್ಕೆ ಹಾರುತ್ತಿದ್ದ, ಉತ್ತರ ಮಾತ್ರ ಸರಿ ಬರುತ್ತಿತ್ತು, ಹೇಗೆಂದು ಇವತ್ತಿಗೂ ತಿಳಿದಿಲ್ಲ ಎನ್ನುತ್ತಾಳೆ ಚಿಕ್ಕಮ್ಮ. ಪಾಪ, ಕಾರಿನ ವಿಷಯದಲ್ಲಿ ಉತ್ತರವೂ ಸರಿ ಬರಲಿಲ್ಲ!

ಮೊದಲ ಸಲ ಚಿಕ್ಕಮ್ಮ ಹೋದದ್ದು ಒಂದು ಬಲ್ಬು ಹಾಕಿಸಲಿಕ್ಕೆ. ಅದಕ್ಕಾಗಿ ನಾಗೇಶ ಸ್ಟೀರಿಂಗಿನ ಕೆಳಗಿನ ವೈರುಗಳನ್ನೆಲ್ಲ ಹೊರಗೆಳೆದು ಮತ್ತೆ ಒಳಗೆ ತುರುಕಿದ. ಬಲ್ಬು ಹತ್ತಿತು. ಆದರೆ ಅಂದಿನಿಂದ ಎಡಗಡೆಯ ಇಂಡಿಕೇಟರ್ ಹಾಕಿದರೆ ವೈಪರ್ ಆಡುತ್ತಿತ್ತು, ವೈಪರ್ ಹಾಕಿದರೆ ಹಾರ್ನ್ ಆಗುತ್ತಿತ್ತು. ಬೇರೆಯವರಾದರೆ ಜಗಳಕ್ಕೆ ಹೋಗುತ್ತಿದ್ದರು. ಚಿಕ್ಕಮ್ಮ ಒಂದು ಚೀಟಿಯಲ್ಲಿ ಯಾವುದಕ್ಕೆ ಯಾವುದು ಎಂದು ಪಟ್ಟಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಂಡಳು. ತಿಂಗಳೊಪ್ಪತ್ತಿನಲ್ಲಿ ಊರೂ ಕಲಿತುಬಿಟ್ಟಿತು. ಸುಡುಬಿಸಿಲಿನಲ್ಲಿ ವೈಪರ್ ಆಡುತ್ತಿದ್ದರೆ ಮೇಡಂ ಎಡಕ್ಕೆ ತಿರುಗುತ್ತಾರೆ ಎಂದು ಆಟೋದವರು ತಾವಾಗಿ ನಿಲ್ಲಿಸುತ್ತಿದ್ದರು.

ಇನ್ನೊಮ್ಮೆ ಆಯಿಲ್ ಬದಲಾಯಿಸಿಕೊಂಡು ಬಂದ ಮೇಲೆ ಬಾನೆಟ್ಟಿನೊಳಗೆ ಕಟಕಟ ಶಬ್ದ ಶುರುವಾಯಿತು. ನನ್ನ ಗಂಡ ತೆರೆದು ನೋಡಿದರೆ ಒಳಗೆ ನಾಗೇಶನ ಸ್ಪ್ಯಾನರ್ ಆರಾಮಾಗಿ ಮಲಗಿತ್ತು. ಚಿಕ್ಕಮ್ಮ ಅದನ್ನು ಸೋಪು ಹಾಕಿ ತೊಳೆದು, ಒರೆಸಿ, ಮುಂದಿನ ಸಲ ಹೋಗುವಾಗ ಒಂದು ಡಬ್ಬಿ ನಿಂಬೆ ಉಪ್ಪಿನಕಾಯಿಯ ಜೊತೆ ವಾಪಸು ಕೊಟ್ಟಳು. ಉಪ್ಪಿನಕಾಯಿ ಯಾಕೆ ಎಂದು ನಾನು ಕೇಳಿದೆ. ಬೇರೆಯವರ ಮನೆಯ ಸಾಮಾನು ಬರಿದೇ ಹಿಂದಕ್ಕೆ ಕೊಡಬಾರದಂತೆ. ಪಾತ್ರೆಗೆ ಆ ಮಾತು ಸರಿ, ಸ್ಪ್ಯಾನರಿಗೂ ಉಂಟೇ?

ಮತ್ತೊಮ್ಮೆ ನಾಗೇಶ ಬ್ರೇಕ್ ಪರೀಕ್ಷಿಸಲೆಂದು ಕಾರನ್ನು ಹಿಂದಕ್ಕೆ ತೆಗೆದು, ಬ್ರೇಕ್ ಚೆನ್ನಾಗಿಲ್ಲ ಎಂಬುದನ್ನು ಗ್ಯಾರೇಜಿನ ಕಂಬಕ್ಕೆ ಗುದ್ದಿ ಖಚಿತಪಡಿಸಿಕೊಂಡ. ಎಡಗಡೆಯ ಹಿಂಬಾಗಿಲು ಒಳಗೆ ಹೋಯಿತು. ತಾನೇ ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸಿಕೊಟ್ಟ, ಅದರಲ್ಲಿ ತಕರಾರಿಲ್ಲ. ಆದರೆ ಕಾರು ಬೂದು, ಬಾಗಿಲು ನೀಲಿಗೆ ತಿರುಗಿದ ಬೂದು. ನಾಲ್ಕು ದಿನ ಬಿಸಿಲು ಬಿದ್ದರೆ ಒಂದೇ ಬಣ್ಣಕ್ಕೆ ಬರುತ್ತದೆ ಎಂದು ಸಮಾಧಾನ ಹೇಳಿದನಂತೆ. ಆಗ ಜೂನ್ ತಿಂಗಳು. ನಮ್ಮ ಕಡೆ ನಾಲ್ಕು ದಿನ ಬಿಸಿಲು ನೋಡಬೇಕಾದರೆ ಅಕ್ಟೋಬರ್ ಬರಬೇಕು!

ಇಷ್ಟೆಲ್ಲ ಆದರೂ ಚಿಕ್ಕಮ್ಮ ಮೆಕ್ಯಾನಿಕ್ಕನ್ನು ಬದಲಾಯಿಸಲಿಲ್ಲ. ಹೊಸನಗರದಲ್ಲೇ ಗ್ಯಾರೇಜುಗಳಿದ್ದವು. ನಾನಿರುವ ಸಾಗರದಲ್ಲಂತೂ ಬೇಕಾದಷ್ಟಿದ್ದವು. ಅವಳು ಮಾತ್ರ ಮೂವತ್ತರ ವೇಗದಲ್ಲಿ ತೀರ್ಥಹಳ್ಳಿಗೇ ಹೊರಡುವಳು. ಹೋಗುವಾಗ ಅರಳಸುರಳಿಯ ಹತ್ತಿರ ನನ್ನ ತವರುಮನೆಯ ಮುಂದೆ ನಿಲ್ಲಿಸಿ ಅಮ್ಮನನ್ನು ಹತ್ತಿಸಿಕೊಳ್ಳುವಳು. ಗ್ಯಾರೇಜಿನಲ್ಲಿ ಒಬ್ಬಳೇ ಕೂರಲಿಕ್ಕೆ ಆಗುವುದಿಲ್ಲ, ಅಕ್ಕ ಜೊತೆಗಿರಲಿ ಎಂದು ಕಾರಣ ಕೊಡುವಳು. ಅಮ್ಮ ಬೆಳಿಗ್ಗೆ ಹೋದರೆ ಬರುವುದು ಸಂಜೆ. ಒಂದು ದಿನ ಹಾಳಾಯಿತಲ್ಲ ಎಂದು ನಾವೆಲ್ಲ ಅಮ್ಮನ ಬಗ್ಗೆ ಮರುಕಪಡುತ್ತಿದ್ದೆವು.

ಅಮ್ಮ ಎರಡು ವರ್ಷದ ಹಿಂದೆ ತೀರಿಕೊಂಡಳು. ಹೆಚ್ಚು ದಿನ ಮಲಗಲಿಲ್ಲ. ಆಮೇಲೆಯೂ ಚಿಕ್ಕಮ್ಮ ನಾಗೇಶನ ಗ್ಯಾರೇಜಿಗೆ ಹೋಗುವುದು ನಿಲ್ಲಲಿಲ್ಲ. ಒಬ್ಬಳೇ ಹೋಗಿ ಬರುತ್ತಿದ್ದಳು.

ಕಳೆದ ವರ್ಷ ನಾನು ರಜೆಯಲ್ಲಿ ಹೊಸನಗರಕ್ಕೆ ಹೋಗಿ ಅವಳನ್ನು ಅವಳ ಕಾರಿನಲ್ಲೇ ಸಾಗರದ ನಮ್ಮ ಮನೆಗೆ ಕರೆದುಕೊಂಡು ಹೊರಟಿದ್ದೆ. ಹಿಂದಿನ ದಿನವಷ್ಟೇ ನಾಗೇಶ ಹೊಸ ಟಯರು ಹಾಕಿಕೊಟ್ಟಿದ್ದ. ಸಾಗರದ ದಾರಿಯಲ್ಲಿ ಅರ್ಧ ಬಂದಿರಬಹುದು, ಒಂದು ಚಕ್ರ ನಮ್ಮನ್ನು ದಾಟಿ ಮುಂದೆ ಹೋಯಿತು. ಯಾರದಪ್ಪಾ ಇದು ಎಂದು ನಾನು ನೋಡುತ್ತಿದ್ದಂತೆ ನಮ್ಮ ಕಾರಿನ ಹಿಂಭಾಗ ಕುಸಿದು ರಸ್ತೆಗೆ ಉಜ್ಜಿತು. ಚಕ್ರ ಅವಸರವಿಲ್ಲದೆ ಉರುಳಿ ಪಕ್ಕದ ಗದ್ದೆಗೆ ಇಳಿಯಿತು. ಚಿಕ್ಕಮ್ಮ ಸ್ಟೀರಿಂಗ್ ಹಿಡಿದುಕೊಂಡೇ ಹೇಳಿದಳು, "ನೋಡು, ಇಂಡಿಕೇಟರ್ ಹಾಕದೇ ಓವರ್‌ಟೇಕ್ ಮಾಡ್ತು."

ನನಗೆ ನಗು ಬರಲಿಲ್ಲ. ನಾಲ್ಕು ನಟ್ಟುಗಳನ್ನೂ ನಾಗೇಶ ಕೈಯಲ್ಲಿ ತಿರುಗಿಸಿ ಬಿಟ್ಟಿದ್ದ, ಬಿಗಿ ಮಾಡಿರಲಿಲ್ಲ. ವೇಗ ಮೂವತ್ತು ಇದ್ದದ್ದಕ್ಕೆ ನಾವಿಬ್ಬರೂ ಉಳಿದೆವು. ರಸ್ತೆಯ ಬದಿಗೆ ನಿಂತು ಅವನಿಗೆ ಫೋನು ಮಾಡಿ, ನನ್ನ ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಅವನು ಅಷ್ಟು ದೂರದಿಂದ ಬೈಕಿನಲ್ಲಿ ಬಂದು, ಗದ್ದೆಗಿಳಿದು ಚಕ್ರ ಎತ್ತಿ ತಂದು ಹಾಕಿದ. ಒಂದೊಂದು ನಟ್ಟನ್ನೂ ಮೂರು ಸಲ ಬಿಗಿದ. ಕೆಲಸ ಮುಗಿದ ಮೇಲೆ ಎದ್ದೇಳದೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

"ಮೇಡಂ, ನಿಮಗೆ ಏನಾದ್ರೂ ಆಗಿದ್ರೆ..." ಎಂದ.

"ಎಂತ ಆಗ್ಲಿಲ್ಲ ಮಾರಾಯ, ಏಳು. ಪ್ಯಾಂಟೆಲ್ಲ ಕೆಸರಾಯ್ತು," ಎಂದಳು ಚಿಕ್ಕಮ್ಮ.

ಅವಳು ಕ್ಷಮಿಸಿದರೂ ನಾನು ಕ್ಷಮಿಸಲಿಲ್ಲ. ಇನ್ನು ಮುಂದೆ ಕಾರು ನಮ್ಮೂರಿನ ಗ್ಯಾರೇಜಿಗೇ ಬರಬೇಕು, ಇಲ್ಲವಾದರೆ ಕೀಲಿ ನಾನೇ ಇಟ್ಟುಕೊಳ್ಳುತ್ತೇನೆ ಎಂದು ಹಟ ಹಿಡಿದೆ. ಅವಳು ವಾದ ಮಾಡಲಿಲ್ಲ. ಅಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ನನಗೇ ಒಂಥರಾ ಆಯಿತು.

ಮರುದಿನ ಸಾಗರದ ಒಂದು ದೊಡ್ಡ ಗ್ಯಾರೇಜಿಗೆ ಕರೆದುಕೊಂಡು ಹೋದೆ. ಅಲ್ಲಿ ಟೋಕನ್ ಕೊಡುತ್ತಾರೆ, ಕಾಯುವವರಿಗೆ ಗಾಜಿನ ಕೋಣೆ, ಮೆತ್ತನೆಯ ಕುರ್ಚಿ, ಒತ್ತಿದರೆ ಕಾಫಿ ಬರುವ ಯಂತ್ರ. ಚಿಕ್ಕಮ್ಮ ಎರಡು ಕಾಫಿ ಕುಡಿದು ಮುಗಿಸುವುದರೊಳಗೆ ಕೆಲಸವಾಗಿತ್ತು. ಚಕ್ರ ಮಾತ್ರವಲ್ಲ, ವೈಪರ್, ಹಾರ್ನ್, ಇಂಡಿಕೇಟರ್ ಎಲ್ಲವೂ ತಮ್ಮ ತಮ್ಮ ಕೆಲಸಕ್ಕೆ ಮರಳಿದ್ದವು. ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. ನಾನು ಗೆದ್ದವಳ ಹಾಗೆ ಕೀಲಿ ತಂದು ಅವಳ ಕೈಗೆ ಕೊಟ್ಟೆ. ಅವಳು ಏಳಲಿಲ್ಲ.

"ಇಷ್ಟು ಬೇಗ ಆಯ್ತಾ?" ಎಂದಳು.

"ಆಯ್ತು. ನೂರಕ್ಕೆ ನೂರು ಕೊಡು ಈಗ," ಎಂದೆ.

"ಕೊಡ್ತೀನಿ. ಆದ್ರೆ ಕೂತು ಒಂದು ಮಾತು ಶುರು ಮಾಡೋದ್ರೊಳಗೆ ಮುಗ್ದೇ ಹೋಯ್ತಲ್ಲೇ."

ಯಾವ ಮಾತು, ಯಾರ ಜೊತೆ ಎಂದು ನನಗೆ ಅರ್ಥವಾಗಲಿಲ್ಲ. ಆ ಗಾಜಿನ ಕೋಣೆಯಲ್ಲಿ, ಕೀಲಿಯನ್ನು ಮಡಿಲಲ್ಲಿಟ್ಟುಕೊಂಡು ಅವಳು ನಿಧಾನವಾಗಿ ಹೇಳಿದಳು. ಅಮ್ಮ ಮದುವೆಯಾಗಿ ಬಂದದ್ದು ಹೊತ್ತಿಗೆ ಹದಿನಾಲ್ಕು ಜನ ಊಟಕ್ಕೆ ಕೂರುವ ಮನೆಗೆ. ಚಿಕ್ಕಮ್ಮ ನೋಡಲು ಬಂದಾಗ ಅಮ್ಮ ಒಲೆಯ ಮುಂದೆ ಅರ್ಧ ಮಾತು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅರ್ಧ ಮಾತು ಆಡುತ್ತಿದ್ದಳು. ಒಂದು ದಿನ ವರದಹಳ್ಳಿಯ ಆಶ್ರಮಕ್ಕೆ ಹೋಗಿ ಬರೋಣ ಎಂದು ಎಷ್ಟು ವರ್ಷ ಕರೆದರೂ, ಹೊರಡುವ ಹೊತ್ತಿಗೆ ಯಾರಿಗಾದರೂ ಜ್ವರ, ಇಲ್ಲವೇ ಯಾರಾದರೂ ನೆಂಟರು. ಬಲ್ಬು ಹಾಕಿಸಲು ಹೋದ ದಿನ ಅಮ್ಮ ಕಾರಿನಲ್ಲಿ ಇದ್ದದ್ದು ಆಕಸ್ಮಿಕ, ಅವಳಿಗೆ ಪೇಟೆಯಲ್ಲಿ ಏನೋ ಕೊಳ್ಳುವುದಿತ್ತಂತೆ. ನಾಗೇಶ ನಾಲ್ಕು ಗಂಟೆ ತೆಗೆದುಕೊಂಡ. ಅಕ್ಕತಂಗಿಯರು ಗ್ಯಾರೇಜಿನ ಮುಂದಿನ ಮರದ ಬೆಂಚಿನ ಮೇಲೆ ನಾಲ್ಕು ಗಂಟೆ ಕೂತರು. ಅಮ್ಮನ ಕೈಯಲ್ಲಿ ಹೆರೆಯಲು ಕಾಯಿಲ್ಲ, ಹೆಚ್ಚಲು ತರಕಾರಿಯಿಲ್ಲ. ಮೊದಲು ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದಳಂತೆ. ಆಮೇಲೆ ಮಾತಾಡಲು ಶುರು ಮಾಡಿದಳು. ಮದುವೆಯಾದ ಮೇಲೆ ಅಷ್ಟು ಮಾತನ್ನು ಅವಳು ಒಟ್ಟಿಗೆ ಆಡಿರಲಿಲ್ಲ. ಸಂಜೆ ಮನೆಗೆ ಬಂದಾಗ ಅಮ್ಮನ ಅತ್ತೆ, ಅಂದರೆ ನಮ್ಮ ಅಜ್ಜಿಯೂ ಗೊಣಗಲಿಲ್ಲ. ಗಾಡಿ ಕೆಟ್ಟರೆ ಯಾರೇನು ಮಾಡುವುದಕ್ಕಾಗುತ್ತದೆ?

"ಅಲ್ಲಿಂದ ನನ್ನ ಗಾಡಿ ತಿಂಗಳಿಗೊಮ್ಮೆ ಕೆಡ್ತಿತ್ತು," ಎಂದಳು ಚಿಕ್ಕಮ್ಮ. "ಬೇರೆಯವರಾದ್ರೆ ಅರ್ಧ ಗಂಟೇಲಿ ಮಾಡಿ ಕೊಡ್ತಿದ್ರು. ನಾಗೇಶ ಸಂಜೆವರೆಗೂ ಮಾಡ್ತಿದ್ದ. ಮೇಲಿಂದ ಇನ್ನೊಂದು ಕೆಡ್ಸಿ ಕೊಡ್ತಿದ್ದ. ಮತ್ತೆ ನೆವ ಹುಡುಕೋ ಕೆಲ್ಸ ಇರ್ಲಿಲ್ಲ."

"ಈಗ ಅಮ್ಮ ಇಲ್ಲವಲ್ಲ. ಈಗ ಯಾಕೆ ಹೋಗ್ತಿದ್ದೆ?" ಎಂದು ಕೇಳಿದೆ.

"ಬೆಂಚು ಅಲ್ಲೇ ಇದೆಯಲ್ಲೇ," ಎಂದಳು.

ಆಮೇಲೆ ನಾನು ಮಾಡಿದ ಕೆಲಸವನ್ನು ಕಾರಿನ ಬಗ್ಗೆ ಬಲ್ಲವರು ಯಾರೂ ಮೆಚ್ಚಲಾರರು. ಮುಂದಿನ ತಿಂಗಳು ರಜೆ ಹಾಕಿ, ನಾನೇ ಕಾರು ಓಡಿಸಿಕೊಂಡು, ಚಿಕ್ಕಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೀರ್ಥಹಳ್ಳಿಗೆ ಹೋದೆ. ನಾಗೇಶ ನಮ್ಮನ್ನು ನೋಡಿ ಹೆದರಿ ಎದ್ದು ನಿಂತ. ಪಾಪ, ಮತ್ತೆ ಬೈಯಲು ಬಂದಿದ್ದೇನೆ ಎಂದುಕೊಂಡಿರಬೇಕು. ಎಂಜಿನ್ನು, ಬ್ರೇಕು, ಚಕ್ರ ಯಾವುದನ್ನೂ ಮುಟ್ಟುವುದು ಬೇಡ, ಡಿಕ್ಕಿಯ ದೀಪ ಹತ್ತುತ್ತಿಲ್ಲ, ಅದೊಂದು ನೋಡಿದರೆ ಸಾಕು ಎಂದೆ.

"ಅದು ಐದು ನಿಮಿಷದ ಕೆಲ್ಸ ಅಕ್ಕ," ಎಂದ.

"ಐದು ನಿಮಿಷ ಸಾಲೂದಿಲ್ಲ. ಮಧ್ಯಾಹ್ನದ ತನಕ ನೋಡು," ಎಂದೆ.

ಅವನು ನನ್ನನ್ನು ನೋಡಿದ, ಬೆಂಚಿನ ಕಡೆ ಹೊರಟ ಮೇಡಂ ಅವರನ್ನು ನೋಡಿದ. ಏನು ತಿಳಿದುಕೊಂಡನೋ, ಸುಮ್ಮನೆ ತಲೆಯಾಡಿಸಿ ಡಿಕ್ಕಿ ತೆರೆದ.

ಚಿಕ್ಕಮ್ಮ ಬೆಂಚಿನ ಒಂದು ತುದಿಗೆ ಕೂತಳು. ಇನ್ನೊಂದು ತುದಿಯನ್ನು ಸೆರಗಿನಿಂದ ಒರೆಸಿ, ಕೂತುಕೋ ಎಂಬಂತೆ ನನ್ನ ಕಡೆ ನೋಡಿದಳು. ನಾನು ಕೂತೆ. ಗ್ಯಾರೇಜಿನ ಮೂಲೆಯಲ್ಲಿ ಯಾರೋ ಕಬ್ಬಿಣದ ಪಟ್ಟಿಯೊಂದಕ್ಕೆ ಗ್ರೈಂಡರ್ ಹಿಡಿದಿದ್ದರು. ಕಿವಿ ಗಡಚಿಕ್ಕುವ ಶಬ್ದ. ಅದು ನಿಂತಾಗ ಚಿಕ್ಕಮ್ಮ ಹೇಳಿದಳು, "ನಿನ್ನಮ್ಮ ಇಲ್ಲಿ ಕೂತು ಹಾಡು ಹೇಳ್ತಿದ್ಲು, ಗೊತ್ತಿತ್ತಾ?"

ನನಗೆ ಗೊತ್ತಿರಲಿಲ್ಲ. ಅಮ್ಮ ಹಾಡಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಅವಳಿಗೆ ಹಾಡು ಬರುತ್ತದೆ ಎಂದೂ ತಿಳಿದಿರಲಿಲ್ಲ.

"ಸಣ್ಣವರಿದ್ದಾಗ ಇಬ್ರೂ ಹೇಳ್ತಿದ್ವಿ. ಮದುವೆಯಾದ್ಮೇಲೆ ಬಿಟ್ಬಿಟ್ಲು. ಇಲ್ಲಿ ಮಾತ್ರ, ಗ್ರೈಂಡರ್ ಶುರುವಾದ್ರೆ ನನ್ನ ಕಿವಿ ಹತ್ರ ಬಂದು ಹೇಳ್ತಿದ್ಲು. ಬೇರೆ ಯಾರಿಗೂ ಕೇಳ್ಸೂದಿಲ್ಲ ಅಂತ."

ಯಾವ ಹಾಡು ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗ್ರೈಂಡರ್ ಮತ್ತೆ ಶುರುವಾಯಿತು. ಚಿಕ್ಕಮ್ಮ ಹತ್ತಿರ ಸರಿದು, ನನ್ನ ಹೆಗಲ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಾಯಿ ತಂದು ಸಣ್ಣ ದನಿಯಲ್ಲಿ ಹಾಡತೊಡಗಿದಳು. ಆ ಗಲಾಟೆಯಲ್ಲಿ ಅರ್ಧ ಸಾಲು ಕೇಳಿಸಿತು, ಅರ್ಧ ಕೇಳಿಸಲಿಲ್ಲ. ನಾನು ಉಸಿರು ಬಿಗಿಹಿಡಿದು ಕೇಳಿದೆ.

ಗ್ರೈಂಡರ್ ನಿಂತಿತು. ಚಿಕ್ಕಮ್ಮನೂ ನಿಲ್ಲಿಸಿದಳು. ಅದು ಮತ್ತೆ ಶುರುವಾಗಲಿ ಎಂದು ನಾವಿಬ್ಬರೂ ಕಾಯುತ್ತ ಕೂತೆವು.