ಸುಣ್ಣ ಬಿಸಿಯಾಗದ ದಿನ

ರಸಾಯನಶಾಸ್ತ್ರ ಕಲಿಸುವವನ ಹಣೆಬರಹವೇ ಇಷ್ಟು. ಪುಸ್ತಕದಲ್ಲಿ ಆಗುವುದೊಂದು, ತರಗತಿಯಲ್ಲಿ ಆಗುವುದೊಂದು. ಎಪ್ಪತ್ತರ ದಶಕದಲ್ಲಿ ಯರಗುಪ್ಪಿ ಕಡೆಯ ಒಂದು ಹೈಸ್ಕೂಲಿಗೆ ನಾನು ಹಂಗಾಮಿ ವಿಜ್ಞಾನ ಮಾಸ್ತರನಾಗಿ ಸೇರಿದೆ. ವರ್ಷದ ಕೊನೆಗೆ ಇನ್ಸ್‌ಪೆಕ್ಟರ್ ಸಾಹೇಬರು ನನ್ನ ಪಾಠ ನೋಡಿ ಒಳ್ಳೆಯ ಶರಾ ಬರೆದರೆ ನೌಕರಿ ಕಾಯಂ, ಇಲ್ಲದಿದ್ದರೆ ಗಂಟುಮೂಟೆ. ಗುಡಗೇರಿಯಲ್ಲಿ ನೋಡಿಟ್ಟಿದ್ದ ಹುಡುಗಿಯ ತಂದೆಯೂ "ಕಾಯಂ ಆಗ್ಲಿ, ಆಮ್ಯಾಲ ಮಾತಾಡೂಣು" ಎಂದುಬಿಟ್ಟಿದ್ದರು.

ಅವ್ವನ ಪಗಾರ

ನಮ್ಮ ಪ್ರಯೋಗಶಾಲೆ ಎಂದರೆ ಒಂದು ಕಪಾಟು, ಆರು ಗಾಜಿನ ನಳಿಗೆ, ಒಂದು ಹಲ್ಲಿ. ಹೀಗಾಗಿ ನಾನೇ ಸಂತೆಯಿಂದ ಸುಟ್ಟ ಸುಣ್ಣದ ಹರಳು ತಂದು ಡಬ್ಬಿಯಲ್ಲಿ ಇಟ್ಟುಕೊಂಡೆ. ತರಗತಿಯಲ್ಲಿ ಎರಡು ಹರಳು ಬೋಗುಣಿಗೆ ಹಾಕಿ ನೀರು ಸುರಿದೆ. ಚುಂಯ್ ಎಂದು ಹಬೆ ಎದ್ದಿತು.

"ನೋಡ್ರಿ, ಬೆಂಕಿ ಇಲ್ಲ, ಕಟ್ಟಿಗಿ ಇಲ್ಲ. ಸುಣ್ಣ ನೀರು ಕೂಡಿ ಹೊಸಾ ಪದಾರ್ಥ ಆಗೂ ಮುಂದ ಶಾಖ ಹೊರಗ ಬಂತು. ಇದಕ್ಕ ಬಹಿರುಷ್ಣಕ ಕ್ರಿಯೆ ಅಂತಾರ" ಎಂದು ಎದೆಯುಬ್ಬಿಸಿ ನಿಂತೆ.

ಗಂಟೆ ಬಾರಿಸಲು ಬಂದಿದ್ದ ಜವಾನ ಬಾಗಿಲಲ್ಲೇ ನಿಂತು ಕೇಳಿದ. "ಸರ, ಇದನ್ನ ನಮ್ಮವ್ವ ದೀಪಾವಳಿಗೊಮ್ಮೆ ಗಡಿಗ್ಯಾಗ ಮಾಡ್ತಾಳ್ರಿ. ಆಕಿಗೂ ಒಂದು ಪಗಾರ ಕೊಡಸ್ರಲ್ಲ!"

ಬಕೀಟಿನ ಬೆಳೆ

ಮುಂದಿನ ಪಾಠ ಇದರ ಉಲ್ಟಾ. ತಿನ್ನುವ ಸೋಡಾ, ನಿಂಬೆ ಉಪ್ಪು, ಒಂದಿಷ್ಟು ನೀರು. ಬುಸುಬುಸು ನೊರೆ ಬಂತು, ಬೋಗುಣಿ ತಣ್ಣಗಾಯಿತು. ಶಾಖವನ್ನು ಒಳಗೆ ಎಳೆದುಕೊಳ್ಳುವ ಇದು ಅಂತರುಷ್ಣಕ ಕ್ರಿಯೆ ಎಂದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಹೆಡ್‌ಮಾಸ್ತರರು ಎದ್ದು ಬಂದು ಬೋಗುಣಿ ಮುಟ್ಟಿದರು. ಅವರು ಅರ್ಧ ಮಾಸ್ತರು, ಅರ್ಧ ರೈತರು. ಖುಷಿಯ ಭರದಲ್ಲಿ ನಾನು, "ಯೂರಿಯಾ ಕರಗಿಸಿದ್ರೂ ನೀರು ತಣ್ಣಗಾಗ್ತೈತ್ರಿ. ಆದ್ರ ಅದು ಬರೇ ಕರಗೂದು, ಹೊಸಾ ಪದಾರ್ಥ ಆಗೂದಿಲ್ಲ" ಎಂದುಬಿಟ್ಟೆ.

ಮರುದಿನ ಅವರ ಮೇಜಿನ ಕೆಳಗೆ ಬಕೀಟು, ಬಕೀಟಿನಲ್ಲಿ ಯೂರಿಯಾ ನೀರು, ಅದರ ನಡುವೆ ಮಜ್ಜಿಗೆಯ ತಂಬಿಗೆ.

"ಸರ, ಹೊಲದ ಗೊಬ್ಬರಾ ಹಾಳ ಮಾಡಿದ್ರ್ಯಲ್ರೀ!" ಎಂದೆ.

"ಹಾಳ ಹ್ಯಾಂಗ? ಹೊಲಕ್ಕ ಹಾಕಿದ್ರ ನಾಕ ತಿಂಗಳಿಗೆ ಫಲಾ. ಬಕೀಟಿಗೆ ಹಾಕಿದ್ರ ಐದ ಮಿನಿಟಿಗೆ!"

ಸಾಹೇಬರ ಶರಾ

ಕೊನೆಗೂ ಸಾಹೇಬರು ಬಂದರು. ನಂಬಿಕೆಯ ಪ್ರಯೋಗವೇ ಇರಲಿ ಎಂದು ಸುಣ್ಣದ ಡಬ್ಬಿ ತೆಗೆದೆ. ಹರಳೆಲ್ಲ ಪುಡಿಯಾಗಿದ್ದವು. ಅಂಜಿಕೆಯಲ್ಲಿ ವಿಚಾರ ಮಾಡದೆ ಬೋಗುಣಿಗೆ ಸುರಿದು ನೀರು ಹಾಕಿದೆ. ಚುಂಯ್ ಇಲ್ಲ, ಹಬೆ ಇಲ್ಲ. ಬೆವರಿದವನು ನಾನೊಬ್ಬನೇ.

"ಮುಟ್ಟಿ ಹೇಳ್ರಿ, ಹ್ಯಾಂಗೈತಿ?" ಎಂದೆ. ನನ್ನ ಮುಖ ನೋಡಿ ಮಕ್ಕಳಿಗೆ ಕನಿಕರ ಬಂದಿರಬೇಕು. ಮುಂದಿನ ಸಾಲಿನ ಹುಡುಗಿ ಬೋಗುಣಿ ಮುಟ್ಟಿ "ಅಯ್ಯಯ್ಯ, ಸುಡಾಕತ್ತೈತ್ರಿ!" ಎಂದು ಬೆರಳು ಊದಿಕೊಂಡಳು. ಅವಳ ಹಿಂದೆ ಇಡೀ ತರಗತಿ ಊದಿತು. ಹೆಡ್‌ಮಾಸ್ತರರಂತೂ "ಅಬಬಬಾ!" ಎಂದು ಕೈ ಕೊಡವಿ ಕುಣಿದೇಬಿಟ್ಟರು. ನನಗೆ ಅಳು ಬರುವುದೊಂದು ಬಾಕಿ.

ಸಾಹೇಬರು ಸಾವಕಾಶವಾಗಿ ಬೋಗುಣಿಯಲ್ಲಿ ಬೆರಳು ಅದ್ದಿದರು. "ಅಗದಿ ಬಿಸಿ ಐತಿ. ಹೆಡ್‌ಮಾಸ್ತರ್, ಇದರ ಮ್ಯಾಲ ನನಗೊಂದು ಕಪ್ ಚಾ ಕಾಸಿ ಕೊಡ್ರಿ" ಎಂದರು.

ಅಷ್ಟರಲ್ಲಿ ಜವಾನ ಚಹಾ ಹಿಡಿದು ಒಳಗೆ ಬಂದ. ಬೋಗುಣಿ ನೋಡಿ ಗಾಬರಿಯಾದ. "ಸರ, ಅದು ಮೊನ್ನೇನ ಕುದ್ದು ಮುಗದೈತ್ರಿ! ಸಾಹೇಬ್ರು ಬರ್ತಾರಂತ ಗ್ವಾಡಿಗೆ ಸುಣ್ಣಾ ಹಚ್ಚೂದಿತ್ತು, ನಿಮ್ಮ ಡಬ್ಬೀದ ತಗೊಂಡೆ. ಉಳಿದದ್ದು ಒಣಗಿಸಿ, ಪುಡಿ ಮಾಡಿ, ವಾಪಸ್ ತುಂಬೇನ್ರಿ. ನಾ ಕಳವು ಮಾಡೋ ಮನಷ್ಯಾ ಅಲ್ರಿ!"

ಸಾಹೇಬರು ಬೆರಳು ಊದಿದ್ದ ಹುಡುಗಿಯತ್ತ ತಿರುಗಿದರು. "ಒಣಗಿಸಿದ ಮ್ಯಾಲ ಮತ್ತ ಯಾಕ ಬಿಸಿ ಆಗ್ಲಿಲ್ಲವ್ವಾ?"

"ಮೊದಲ ಸರ್ತಿ ನೀರು ಕೂಡಿದಾಗನ ಅದು ಬ್ಯಾರೆ ಪದಾರ್ಥ ಆಗೈತ್ರಿ. ಕೊಡೂ ಶಾಖಾನೂ ಆವಾಗನ ಕೊಟ್ಟೈತಿ. ಬಿಸಲಾಗ ಒಣಗಿಸಿದ್ರ ಹಳೇ ಸುಣ್ಣಾ ಆಗೂದಿಲ್ರಿ. ಭಟ್ಟ್ಯಾಗ ಸುಡಬೇಕು."

ಅವಳನ್ನು ಹೊತ್ತು ಕುಣಿಯಬೇಕು ಅನ್ನಿಸಿತು. ಸಾಹೇಬರು ಶರಾ ಪುಸ್ತಕ ತರಿಸಿ, ಏನೋ ಬರೆದು, ನಗದೆ ಎದ್ದರು. ಅವರ ಕರಿ ಕೋಟಿನ ಬೆನ್ನಿಗೆ ಗೋಡೆಯ ಹೊಸ ಸುಣ್ಣವೆಲ್ಲ ಮೆತ್ತಿತ್ತು. ಹೇಳುವ ಧೈರ್ಯ ಯಾರಿಗಿದೆ? ಅವರ ಜೀಪು ಮರೆಯಾದ ಮೇಲೆ ಹೆಡ್‌ಮಾಸ್ತರರು ಪುಸ್ತಕ ತೆರೆದು ಓದಿದರು:

"ಶಿಕ್ಷಕರನ್ನು ಕಾಯಂ ಮಾಡಲು ಅಡ್ಡಿಯಿಲ್ಲ. ಶಾಖದ ಪ್ರಯೋಗ ಯಶಸ್ವಿಯಾಗಿದೆ. ನಾನು ಬಂದದ್ದೇ ಎರಡು ದಿನ ತಡ."