ನಲವತ್ತು ಡಿಗ್ರಿಯ ಮರ್ಯಾದೆ

ಎಲ್ಲದಕ್ಕೂ ಕಾರಣ ಬೆಳಿಗ್ಗೆ ಎಂಟೂವರೆಗೆ ಬಂದ ಒಂದು ಫೋನು. "ಮಧ್ಯಾಹ್ನ ಎರಡಕ್ಕೆ ಶಾಖ ಅಳೆಯೋಕೆ ಬರ್ತೀವಿ, ಮನೇಲಿ ಯಾರಾದ್ರೂ ಇರಿ" ಎಂದಿತು ಅತ್ತಲಿನ ದನಿ. ಇತ್ತ ಥರ್ಮಾಮೀಟರ್ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಮೂರು ಸಲ "ಆಯ್ತು ಸಾರ್" ಎಂದಳು.

ಥರ್ಮಾಮೀಟರ್ ಎಂದರೆ ಇಪ್ಪತ್ತೆರಡು ವರ್ಷದ ಹುಡುಗಿ. ಹೆತ್ತವರು ಇಟ್ಟ ಚೆಂದದ ಹೆಸರೊಂದು ಅವಳಿಗಿದೆ, ಆದರೆ ಗಲ್ಲಿಯವರು ಅದನ್ನು ಬಳಸಿ ಸವೆಸಲು ಹೋಗಿಲ್ಲ. ಭೂಮಿಯನ್ನು ಬಿಸಿ ಮಾಡಿದವರು ಎಲ್ಲೋ ತಣ್ಣಗೆ ಕೂತಿದ್ದಾರೆ, ಬೇಯುವವರು ತಗಡಿನ ಕೆಳಗೆ ಕೂತಿದ್ದಾರೆ, ಇದು ಯಾವ ನ್ಯಾಯ ಎಂಬುದು ಅವಳ ಜಗಳ. ಜಗಳಕ್ಕೆ ಸಾಕ್ಷಿ ಬೇಕಲ್ಲ. ಅದಕ್ಕೆ ಅರವತ್ತೆರಡು ದಿನ ಗಲ್ಲಿಯ ಮೂವತ್ತೊಂದು ತಗಡಿನ ಮನೆಗಳಿಗೂ ಹೋಗಿ, ಶಾಖ ಅಳೆದು, ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಹೋದಲ್ಲೆಲ್ಲ ಒಂದು ಲೋಟ ನೀರು ಕುಡಿಸಿ ಕಳಿಸುತ್ತಿದ್ದರು. ಅವಳು ಅಳೆದದ್ದು ಶಾಖ, ಅವರು ಅಳೆದದ್ದು ಅವಳ ಒಣಗಿದ ತುಟಿ.

ಸರ್ಕಾರಿ ಕಚೇರಿಯವರು ಆ ಪುಸ್ತಕವನ್ನು ಹಿಂದೆ ಮುಂದೆ ತಿರುವಿ, "ಇದು ಖಾಸಗಿ ಶಾಖ" ಎಂದುಬಿಟ್ಟರು. ತಗಡಿನ ಕೆಳಗೆ ಶಾಖ ತಡೆಯುವ ಹಾಸು ಹೊದಿಸಿಕೊಡುವ ಯೋಜನೆಯೇನೋ ಇತ್ತು. ಆದರೆ ಕಚೇರಿಯ ಯಂತ್ರವೇ ಬಂದು ಅಳೆಯಬೇಕು. ಗಲ್ಲಿಗೆ ಒಂದೇ ಮನೆ, ಒಂದೇ ಸಲ. ಮಧ್ಯಾಹ್ನ ಎರಡಕ್ಕೆ ಮನೆಯೊಳಗೆ ನಲವತ್ತು ಡಿಗ್ರಿ ದಾಟಿದರೆ ಇಡೀ ಗಲ್ಲಿಗೆ ಹಾಸು, ಇಲ್ಲದಿದ್ದರೆ ಇಲ್ಲ. ಅರ್ಜಿಯಲ್ಲಿ ಮೊದಲ ಸಹಿ ಥರ್ಮಾಮೀಟರಳದು, ಹಾಗಾಗಿ ಮನೆಯೂ ಅವಳದೇ. ಇವತ್ತೇ ಕೊನೆಯ ದಿನ.

ಅವಳಿಗೆ ಗಲ್ಲಿಯ ಚಿಂತೆ ಇದ್ದದ್ದು ನಿಜ. ಅದಕ್ಕಿಂತ ಹೆಚ್ಚು ಅಮ್ಮನ ಚಿಂತೆ ಇದ್ದದ್ದೂ ನಿಜ. ಎರಡು ವಾರದ ಹಿಂದೆ ಅಮ್ಮ ಹೊಲಿಗೆ ಯಂತ್ರದ ಮೇಲೆಯೇ ಕುಸಿದಿದ್ದಳು, ಸೂಜಿ ಅಂಗಿಯ ಕಾಲರಿನ ಅರ್ಧದಲ್ಲಿ ನಿಂತಿತ್ತು. ಡಾಕ್ಟರು "ಸೆಕೇಲಿ ಕೂರಬೇಡಿ" ಎಂದರು. "ಮತ್ತೆಲ್ಲಿ ಕೂರ್ಲಿ ಡಾಕ್ಟ್ರೇ?" ಎಂದು ಅಮ್ಮ ನಿಜವಾಗಿಯೂ ತಿಳಿದುಕೊಳ್ಳುವವಳಂತೆ ಕೇಳಿದಳು. ಡಾಕ್ಟರು ತಲೆ ಬಗ್ಗಿಸಿ ಮಾತ್ರೆ ಬರೆದರು.

"ಅಮ್ಮಾ, ಇವತ್ತು ಒಂದು ದಿನ ಮನೆ ಹೇಗಿದೆಯೋ ಹಾಗೇ ಇರ್ಲಿ. ಏನೂ ಮಾಡೋಕೆ ಹೋಗ್ಬೇಡ."

"ನಾನೇನು ಮಾಡ್ತೀನೇ?" ಎಂದಳು ಅಮ್ಮ. ಅಷ್ಟರಲ್ಲಾಗಲೇ ನೆಲಕ್ಕೆ ಎರಡು ಬಕೆಟ್ ನೀರು ಸುರಿದು ಒರೆಸಿಯಾಗಿತ್ತು. ಮಗಳು ಹಳೆಯ ಟವೆಲ್ ಹಿಡಿದು, ಮಂಡಿಯೂರಿ, ಮೂಲೆ ಮೂಲೆಯನ್ನೂ ಒಣಗಿಸಿದಳು. ಮನೆ ಒರೆಸಿದ್ದಕ್ಕೆ ಅಮ್ಮನನ್ನು ಬೈದ ಮಗಳು ಆ ಗಲ್ಲಿಯಲ್ಲಿ ಅವಳೊಬ್ಬಳೇ ಇರಬೇಕು.

ಹನ್ನೊಂದಕ್ಕೆ ಎದುರುಮನೆಯ ಇಸ್ತ್ರಿ ಮಾವ ತಮ್ಮ ಮೇಜಿನ ಫ್ಯಾನನ್ನು ಕಂಕುಳಲ್ಲಿ ಅವುಚಿಕೊಂಡು ಬಂದರು. ಇಡೀ ದಿನ ಕೆಂಡದ ಪೆಟ್ಟಿಗೆಯ ಮುಂದೆ ನಿಲ್ಲುವ ಮನುಷ್ಯನಿಗೆ ಆ ಫ್ಯಾನೇ ಆಸ್ತಿ.

"ಸಾಹೇಬ್ರು ಬರ್ತಾರಂತಲ್ಲಮ್ಮ. ಇದನ್ನ ಇಟ್ಕೋ."

"ಬೇಡ ಮಾವ. ಮನೆ ಬಿಸಿಯಾಗೇ ಇರ್ಬೇಕು. ಬಿಸಿ ಇದ್ರೇನೇ ಹಾಸು ಕೊಡೋದು."

"ಗೊತ್ತಾಯ್ತು, ಗೊತ್ತಾಯ್ತು" ಎಂದು ಮಾವ ಫ್ಯಾನನ್ನು ಹಾಗೆಯೇ ಹೊತ್ತುಕೊಂಡು ಹಿಂದಿರುಗಿದರು. ಅವರಿಗೆ ಗೊತ್ತಾದದ್ದು ಇಷ್ಟು: ಈ ಹುಡುಗಿ ಊರಿಗೆಲ್ಲ ಓಡಾಡುತ್ತದೆ, ತನಗೆ ಅಂತ ಕೇಳುವಾಗ ಮಾತ್ರ ಸಂಕೋಚ. ಪಾಪ. ಈ ಮಾತನ್ನು ಅವರು ಪಕ್ಕದ ಮನೆಯ ಐಸ್ ಕಾರ್ಖಾನೆ ಚಿಕ್ಕಪ್ಪನಿಗೆ ಹೇಳಿದರು. ಚಿಕ್ಕಪ್ಪ ಗಲ್ಲಿಗೆ ಹೇಳಿದರು.

ಒಂದೂಕಾಲಿಗೆ ಒಳಗಿನ ಶಾಖ ನಲವತ್ತೊಂದು. ಥರ್ಮಾಮೀಟರಳಿಗೆ ಎಷ್ಟು ಖುಷಿಯಾಯಿತೆಂದರೆ, ಅಷ್ಟು ಬೆವರಿನಲ್ಲೂ ಅಮ್ಮನನ್ನು ತಬ್ಬಿಕೊಂಡಳು. ಆಗಲೇ ಫೋನು ಬಂತು. ಸಾಹೇಬರು ದಾರಿ ತಪ್ಪಿದ್ದರು.

"ಹತ್ತೇ ನಿಮಿಷ, ಕರ್ಕೊಂಡು ಬರ್ತೀನಿ" ಎಂದು ಹುಡುಗಿ ಓಡಿದಳು. ಸಾಹೇಬರು ಹೇಳಿದ ಔಷಧಿ ಅಂಗಡಿಯ ಬಳಿ ಅವರಿರಲಿಲ್ಲ. ಅಂಥ ಅಂಗಡಿಗಳು ಆ ರಸ್ತೆಯಲ್ಲಿ ನಾಲ್ಕಿದ್ದವು. ನಾಲ್ಕನೆಯದರ ನೆರಳಿನಲ್ಲಿ ಅವರು ಸಿಕ್ಕಿದರು: ಐವತ್ತರ ಆಸುಪಾಸಿನ ಸಣಕಲು ಮನುಷ್ಯ, ಹೆಗಲಲ್ಲಿ ಯಂತ್ರದ ಚೀಲ, ಕೈಯಲ್ಲಿ ಕಾಗದದ ಕಟ್ಟು, ಮುಖ ಆಗಷ್ಟೇ ಒಗೆದು ಹಿಂಡಿದ ಬಟ್ಟೆಯಂತೆ.

"ಬೆಳಿಗ್ಗೆಯಿಂದ ಒಂಬತ್ತು ಗಲ್ಲಿ ಸುತ್ತಿದ್ದಾಯ್ತಮ್ಮ" ಎಂದರು. ಹುಡುಗಿಗೆ ಅಯ್ಯೋ ಅನ್ನಿಸಿತು. ಅವರ ಚೀಲವನ್ನು ತಾನೇ ಹೊತ್ತಳು.

ಮನೆ ಬಾಗಿಲಿಗೆ ಬಂದಾಗ ಎರಡಕ್ಕೆ ಎರಡು ನಿಮಿಷ. ಥರ್ಮಾಮೀಟರ್ ತಲೆಯೆತ್ತಿ ನೋಡಿದಳು. ತಗಡಿನ ಮೇಲೆ ಗಲ್ಲಿಯ ಅಷ್ಟೂ ಹಾಸಿಗೆ ಚಾದರಗಳು ನೆನೆದು ಮಲಗಿದ್ದವು. ಒಳಗೆ, ಮೂಲೆಯ ಟಬ್ಬಿನಲ್ಲಿ ಎರಡು ದಪ್ಪ ಐಸ್ ದಿಮ್ಮಿ, ಅದರ ಹಿಂದೆ ಇಸ್ತ್ರಿ ಮಾವನ ಫ್ಯಾನು, ಅದರ ಪಕ್ಕ ಇನ್ನೂ ಮೂರು ಮನೆಗಳ ಫ್ಯಾನು. ಬಾಗಿಲಿನ ಆಚೆಯಿಂದ ಗಲ್ಲಿಯೇ ಇಣುಕುತ್ತಿತ್ತು, ಮದುಮಗಳನ್ನು ತೋರಿಸುವವರ ಮುಖ ಹೊತ್ತು.

"ಅಮ್ಮಾ, ನಿನಗೆ ಗೊತ್ತಿತ್ತಲ್ಲ?" ಎಂದಳು ಹುಡುಗಿ ಪಿಸುದನಿಯಲ್ಲಿ.

"ಗೊತ್ತಿತ್ತು ಕಣೇ" ಅಮ್ಮನ ದನಿ ಇನ್ನೂ ಸಣ್ಣದಾಯಿತು. "ಆದ್ರೆ ಬಿಸಿಲಲ್ಲಿ ಬಂದವರು. ನಾನು ಬಿದ್ದ ಹಾಗೆ ಅವರೂ ಬಿದ್ಬಿಟ್ರೆ? ಅವರ ಮನೇಲೂ ಮಕ್ಕಳಿರ್ತಾರಲ್ಲ."

ಹುಡುಗಿಗೆ ಕೂಗಾಡಬೇಕೆನ್ನಿಸಿತು. ಐಸ್ ಹೊತ್ತು ಬಿಳಿಚಿಕೊಂಡಿದ್ದ ಚಿಕ್ಕಪ್ಪನ ಬೆರಳುಗಳನ್ನು ಕಂಡು ಬಾಯಿ ಕಟ್ಟಿತು. ಇಷ್ಟು ಪ್ರೀತಿ ಮಾಡುವವರ ಮೇಲೆ ಇಷ್ಟು ಸಿಟ್ಟು ಬರಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಯಂತ್ರ ಕುಂಯ್ ಎಂದಿತು. ಇಪ್ಪತ್ತೊಂಬತ್ತು.

"ಸಾರ್, ಇದು ಐಸು. ಫ್ಯಾನು ನಮ್ಮದಲ್ಲ, ಚಾದರ ನಮ್ಮದಲ್ಲ. ಅರ್ಧ ಗಂಟೆ ಬಿಟ್ಟು ಅಳೀರಿ. ಇಲ್ಲ, ಪಕ್ಕದ ಮನೇಲಿ ಅಳೀರಿ."

"ಒಂದೇ ಮನೆ, ಒಂದೇ ಸಲ ಅಮ್ಮ. ಶಾಖ ಎಷ್ಟು ಅಂತ ಕಾಲಂ ಇದೆ, ಯಾಕೆ ಕಮ್ಮಿ ಅಂತ ಕಾಲಂ ಇಲ್ಲ" ಎಂದ ಸಾಹೇಬರು ಅದನ್ನು ಬೇಸರದಿಂದಲೇ ಹೇಳಿದರು. "ಒಂದು ನಿಮಿಷ ಕೂತ್ಕೋತೀನಿ" ಎಂದು ಅಮ್ಮನ ಹೊಲಿಗೆಯ ಕುರ್ಚಿಯಲ್ಲಿ ಕೂತವರು ಕೂತಲ್ಲೇ ನಿದ್ದೆ ಹೋದರು. ಅಮ್ಮ ಫ್ಯಾನಿನ ಮುಖವನ್ನು ಅವರತ್ತ ತಿರುಗಿಸಿದಳು. ಅವರು ಗೊರಕೆ ಹೊಡೆದ ಇಪ್ಪತ್ತು ನಿಮಿಷವೂ ಗಲ್ಲಿ ತುಟಿ ಪಿಟಕ್ಕೆನ್ನಲಿಲ್ಲ.

ಎದ್ದ ಸಾಹೇಬರ ಕಣ್ಣಲ್ಲಿ ನೀರಿತ್ತು. "ವಾರ ಆಗಿತ್ತಮ್ಮ, ಹೀಗೆ ಕಣ್ಣು ಮುಚ್ಚಿ" ಎಂದರು. ಹುಡುಗಿಯ ಮುಖ ನೋಡಿ, ಏನೋ ನೆನಪಾದವರಂತೆ ಕಾಗದದ ಕಟ್ಟಿನ ತಳದಿಂದ ಬೇರೊಂದು ಹಾಳೆ ಎಳೆದರು. ಸಾಹೇಬರು ಬರೆದರು, ಮುದ್ರೆ ಒತ್ತಿದರು, ಹೊರಗೆ ಹೋಗಿ ಬಾಗಿಲಿಗೆ ಒಂದು ಹಳದಿ ಚೀಟಿ ಅಂಟಿಸಿದರು.

ಇಸ್ತ್ರಿ ಮಾವ ಗಟ್ಟಿಯಾಗಿ ಓದಿದರು. "ಸಾರ್ವಜನಿಕ ತಂಪು ತಾಣ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದು. ಬಿಸಿಲಿನಿಂದ ಬಳಲಿದವರಿಗೆ ಮುಕ್ತ ಪ್ರವೇಶ."

"ವಾರ್ಡಿಗೆ ಒಂದು ಗುರುತಿಸ್ಬೇಕಿತ್ತು, ಅದಕ್ಕೂ ಇವತ್ತೇ ಕೊನೆ. ಎಲ್ಲೂ ಸಿಕ್ಕಿರ್ಲಿಲ್ಲ" ಎಂದರು ಸಾಹೇಬರು. "ಮೇಲ್ವಿಚಾರಕಿ ಅಂತ ನಿಮ್ಮ ಹೆಸರೇ ಬರೆದಿದೀನಿ."

"ತಗಡಿನ ಹಾಸು ಬೇಕು ಅಂತ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದಾ ಸಾರ್?"

"ಗಲ್ಲಿಯವರು ಹಾಕಬಹುದು. ತಂಪು ತಾಣಕ್ಕೆ ಬರಲ್ಲ. ಈಗಾಗ್ಲೇ ತಂಪಾಗಿದೆಯಲ್ಲ."

ಗಲ್ಲಿ ಚಪ್ಪಾಳೆ ತಟ್ಟಿತು. ನಮ್ಮ ಹುಡುಗಿಗೆ ಸರ್ಕಾರದ ಚೀಟಿ ಸಿಕ್ಕಿತೆಂದು ಚಿಕ್ಕಪ್ಪ ಕಣ್ಣೊರೆಸಿಕೊಂಡರು. ಸಾಹೇಬರು ಹೊರಟ ಮೇಲೆ ಎಲ್ಲರೂ ತಮ್ಮ ತಮ್ಮ ಫ್ಯಾನು, ಚಾದರ ತೆಗೆದುಕೊಂಡು ಹೋದರು, ಅವರವರ ಮನೆಯೂ ಬೇಯುತ್ತಿತ್ತಲ್ಲ. ಐಸು ಕರಗಿತು. ಮೂರೂವರೆಗೆ ಒಳಗೆ ನಲವತ್ತೆರಡು.

ಹಿಂದಿನ ಗಲ್ಲಿಯಿಂದ ಮೊದಲಿಗೆ ಬಂದದ್ದು ಒಬ್ಬ ಅಜ್ಜಿ. ಹಳದಿ ಚೀಟಿಯ ಸುದ್ದಿ ಅಲ್ಲಿಗಾಗಲೇ ಮುಟ್ಟಿತ್ತು. ಅಮ್ಮ "ಬನ್ನಿ, ಬನ್ನಿ" ಎಂದು ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ ಜಾಗ ಮಾಡಿದಳು. ಅಜ್ಜಿಯ ಹಿಂದೆ ಇನ್ನೂ ಆರು ಜನ, ಕೈಯಲ್ಲಿ ಚಾಪೆ ಹಿಡಿದು. ಎಲ್ಲರೂ ಗೋಡೆಗೊರಗಿ ಕೂತರು. ಮೇಲ್ವಿಚಾರಕಿ ಎಲ್ಲರಿಗೂ ನೀರು ಕೊಟ್ಟಳು, ರಟ್ಟಿನ ತುಂಡೊಂದನ್ನು ಹಿಡಿದು ಅಜ್ಜಿಗೆ ಗಾಳಿ ಹಾಕತೊಡಗಿದಳು.

ಸ್ವಲ್ಪ ಹೊತ್ತು ಕಾದು ಅಜ್ಜಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಮೆಲ್ಲಗೆ ಕೇಳಿದಳು, "ತಂಪು ಎಷ್ಟೊತ್ತಿಗೆ ಬರುತ್ತಮ್ಮ?"

"ಬರುತ್ತೆ ಅಜ್ಜಿ, ಕೂತಿರಿ" ಎಂದಳು ಹುಡುಗಿ. "ಅರ್ಜಿ ಹಾಕಿದೀವಿ."